‘ಪೋಕ್’ ಎಂದರೆ ಚೀಲ: ಒಂದು ಬೆಟ್ಟಸೀಮೆಯ ಇಂಗ್ಲಿಷ್

‘ಪಿಗ್ ಇನ್ ಎ ಪೋಕ್’ ಎಂಬ ನುಡಿಗಟ್ಟನ್ನು ಕಲಿಸುವಾಗ ‘ನೋಡದೆ ಕೊಂಡ ವಸ್ತು’ ಎಂದು ಅರ್ಥ ಹೇಳಿ ಮುಂದೆ ಸಾಗುತ್ತೇವೆ. ಯಾವುದಾದರೂ ಮಗು ಎದ್ದು ನಿಂತು ‘ಪೋಕ್ ಅಂದರೇನು ಸರ್?’ ಎಂದರೆ ನಮ್ಮಲ್ಲಿ ಹಲವರು ತಡವರಿಸುತ್ತೇವೆ. ಪೋಕ್ ಎಂದರೆ ಚೀಲ. ಶಿಷ್ಟ ಇಂಗ್ಲಿಷಿನಲ್ಲಿ ಈ ಅರ್ಥ ಬಹುಮಟ್ಟಿಗೆ ಆ ನುಡಿಗಟ್ಟಿನೊಳಗೇ ಉಳಿದಿದೆ. ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ಮಾತ್ರ ಹಿರಿಯರು ಅಂಗಡಿಯ ಕಾಗದದ ಚೀಲವನ್ನು ಪೋಕ್ ಎಂದೇ ಕರೆಯುತ್ತ ಬಂದಿದ್ದಾರೆ. ಪದದ ಮೂಲ ಹಳೆಯ ಉತ್ತರ ಫ್ರೆಂಚ್. ನಮ್ಮ ಮಕ್ಕಳಿಗೂ ಗೊತ್ತಿರುವ ‘ಪಾಕೆಟ್’ ಇದರಿಂದಲೇ ಹುಟ್ಟಿದ್ದು: ಪುಟ್ಟ ಚೀಲ.

ಈ ಬೆಟ್ಟಗಳಿಗೆ 18ನೆಯ ಶತಮಾನದಲ್ಲಿ ಉತ್ತರ ಐರ್ಲೆಂಡಿನ ಅಲ್‌ಸ್ಟರ್‌ನಿಂದ ಸ್ಕಾಟ್ ಮೂಲದವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಇಂಗ್ಲೆಂಡಿನವರೂ ಜರ್ಮನರೂ ಜೊತೆಗಿದ್ದರು. ‘ಮೈಟ್ ಕುಡ್’ ಎಂದು ಎರಡು ಸಹಾಯಕ ಕ್ರಿಯಾಪದಗಳನ್ನು ಒಟ್ಟಿಗೆ ಬಳಸುವ ರೂಢಿ ಸ್ಕಾಟ್ಲೆಂಡ್–ಅಲ್‌ಸ್ಟರ್ ಕಡೆಯದು. ಮೆಕ್ಕೆಜೋಳದ ರೊಟ್ಟಿಯ ಹೆಸರಾದ ‘ಪೋನ್’ ಮೂಲನಿವಾಸಿಗಳ ಅಲ್ಗಾಂಕ್ವಿಯನ್ ಭಾಷೆಯಿಂದ ಬಂದದ್ದು. ಆದ್ದರಿಂದ ‘ಬೆಟ್ಟದವರು ಇಂದಿಗೂ ಶೇಕ್ಸ್‌ಪಿಯರನ ಇಂಗ್ಲಿಷ್ ಆಡುತ್ತಾರೆ’ ಎಂಬ ಜನಪ್ರಿಯ ಮಾತನ್ನು ತರಗತಿಯಲ್ಲಿ ಹೇಳಬಾರದು. ಕೇಳಲು ಚೆಂದ, ಅಷ್ಟೇ.

ಶಿಕ್ಷಕರಿಗೆ ಹೆಚ್ಚು ಉಪಯೋಗವಾಗುವ ಉದಾಹರಣೆ ‘ಅ-ಹಂಟಿಂಗ್’. ಈ ‘ಅ’ ಹಳೆಯ ಇಂಗ್ಲಿಷಿನ ‘ಆನ್’ ಎಂಬ ಪದ ಸವೆದು ಉಳಿದ ಚೂರು. ‘ಅವನು ಬೇಟೆಯಾಡುತ್ತಿದ್ದ’ ಎನ್ನುವಾಗ ಅದು ಬರುತ್ತದೆ. ‘ಬೇಟೆಯಾಡುವುದು ಖುಷಿಯ ಕೆಲಸ’ ಎಂದು ಅದೇ ‘ಹಂಟಿಂಗ್’ ನಾಮಪದವಾದಾಗ ಬರುವುದಿಲ್ಲ. ‘ಡಿಸ್ಕವರಿಂಗ್’‌ನಂತೆ ಮೊದಲ ಅಕ್ಷರದ ಮೇಲೆ ಒತ್ತಿಲ್ಲದ ಕ್ರಿಯಾಪದಕ್ಕೂ ಅಂಟುವುದಿಲ್ಲ. ಭಾಷಾವಿಜ್ಞಾನಿ ವಾಲ್ಟ್ ವುಲ್ಫ್ರಮ್ 1970ರ ದಶಕದಲ್ಲಿ ಇಂಥ ನಿಯಮಗಳನ್ನು ಬಿಡಿಸಿ ತೋರಿಸಿದರು. ಯಾರೂ ಪಾಠ ಮಾಡದಿದ್ದರೂ ಆ ಸೀಮೆಯ ಮಕ್ಕಳು ಇದನ್ನು ಮನೆಮಾತಿನಿಂದಲೇ ಕಲಿತಿರುತ್ತಾರೆ. ಶಾಲೆ ಅದನ್ನು ಬರಿಯ ತಪ್ಪು ಎಂದರೆ, ಮಗು ತಿದ್ದಿಕೊಳ್ಳುವುದಕ್ಕಿಂತ ಮೊದಲು ಬಾಯಿ ಮುಚ್ಚಿಕೊಳ್ಳುತ್ತದೆ.

ಹಾಗೆಂದು ಶಿಷ್ಟರೂಪ ಕಲಿಸದಿರಲಾಗದು. ಪರೀಕ್ಷೆ, ಉದ್ಯೋಗ ಎರಡೂ ಅದನ್ನೇ ಕೇಳುತ್ತವೆ. ನಮ್ಮ ಪ್ರಶಿಕ್ಷಣಾರ್ಥಿಗಳು ಕನ್ನಡ ಪಾಠದಲ್ಲೂ ಮುಂದಿನ ವಾರವೇ ಇದನ್ನು ಪ್ರಯತ್ನಿಸಬಹುದು: ಮಗುವಿನ ಸೀಮೆಯ ಮಾತಿಗೆ ಕೆಂಪು ಗೆರೆ ಎಳೆಯುವ ಬದಲು ಕಪ್ಪುಹಲಗೆಯ ಎಡಗಡೆ ‘ಮನೆಯಲ್ಲಿ’, ಬಲಗಡೆ ‘ಬರವಣಿಗೆಯಲ್ಲಿ’ ಎಂದು ಬರೆದು, ಎರಡೂ ರೂಪಗಳನ್ನು ಎದುರುಬದುರು ಇಡಿ. ಎಡಗಡೆಯ ಸಾಲನ್ನು ಮಕ್ಕಳೇ ತುಂಬಲಿ.