ಸದ್ದಿಲ್ಲದ ಕಂಪ್ಯೂಟರ್: ಅಂಗಡಿಗೆ ಹೊರುವ ಮುನ್ನ

ಆನ್‌ಲೈನ್ ಸಂದರ್ಶನಕ್ಕೆ ಇನ್ನು ಅರ್ಧ ಗಂಟೆ. ಶರ್ಟ್ ಇಸ್ತ್ರಿ ಆಗಿದೆ, ರೆಸ್ಯೂಮೆ ಎದುರಿಗಿದೆ. ಡೆಸ್ಕ್‌ಟಾಪ್ ಮಾತ್ರ ಮೌನವ್ರತ ಹಿಡಿದು ಕೂತಿದೆ. ಇಂಥ ಹೊತ್ತಿನಲ್ಲಿ ಬಹಳಷ್ಟು ಮಂದಿ ಕಂಡ ಕೇಬಲ್ಲನ್ನೆಲ್ಲ ಎಳೆದು, ಸಿಕ್ಕ ಸೆಟ್ಟಿಂಗನ್ನೆಲ್ಲ ಬದಲಿಸಿಬಿಡುತ್ತಾರೆ. ಸದ್ದು ಬಂದರೂ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ. ಬಾರದಿದ್ದರೆ ಸಿಪಿಯು ಹೊತ್ತು ರಿಪೇರಿ ಅಂಗಡಿಗೆ ಓಡಬೇಕು.

ಸದ್ದಿಗೂ ಒಂದು ದಾರಿಯಿದೆ. ಆ್ಯಪ್, ವಿಂಡೋಸ್, ಡ್ರೈವರ್, ಮದರ್‌ಬೋರ್ಡಿನ ಸೌಂಡ್ ಚಿಪ್, ಕೇಬಲ್, ಕೊನೆಗೆ ಸ್ಪೀಕರ್. ಸುಲಭವಾದ ಹೊರತುದಿಯಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಪರೀಕ್ಷಿಸುತ್ತ ಹೋದರೆ ದಾರಿ ಎಲ್ಲಿ ಕಡಿದಿದೆ ಎಂದು ತಿಳಿಯುತ್ತದೆ.

ಮೊದಲು ಸ್ಪೀಕರ್. ಅದರ ಪಿನ್ನನ್ನು 3.5 ಎಂಎಂ ಜ್ಯಾಕ್ ಇರುವ ಮೊಬೈಲ್‌ಗೆ ಹಾಕಿ. ಅಲ್ಲಿ ಹಾಡಿದರೆ ಸ್ಪೀಕರ್ ಚೆನ್ನಾಗಿದೆ ಎಂದರ್ಥ.

ನಂತರ ಜ್ಯಾಕ್. ಸಿಪಿಯು ಹಿಂಬದಿಯಲ್ಲಿ ಸಾಮಾನ್ಯವಾಗಿ ಹಸಿರು ಸ್ಪೀಕರ್‌ಗೆ, ಗುಲಾಬಿ ಮೈಕ್‌ಗೆ, ನೀಲಿ ಲೈನ್ ಇನ್‌ಗೆ. ಹಿಂದೆ ಸದ್ದು ಬಂದು ಮುಂದಿನ ಜ್ಯಾಕ್‌ನಲ್ಲಿ ಬಾರದಿದ್ದರೆ, ಕ್ಯಾಬಿನೆಟ್‌ ಒಳಗೆ ಮುಂದಿನ ಜ್ಯಾಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಸಣ್ಣ ಕೇಬಲ್ ಸಡಿಲವಾಗಿರಬಹುದು. ಮುಚ್ಚಳ ತೆಗೆಯುವ ಮುನ್ನ ಪವರ್ ಕೇಬಲ್ ಕಿತ್ತಿಡಿ.

ಮೂರನೆಯದು ವಿಂಡೋಸ್. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಸದ್ದನ್ನೂ ಒಯ್ಯುತ್ತದೆ. ಹೀಗಾಗಿ ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಸದ್ದನ್ನು ಅದಕ್ಕೇ ಕಳಿಸಬಹುದು. ಮಾನಿಟರ್‌ನಲ್ಲಿ ಸ್ಪೀಕರೇ ಇಲ್ಲದಿದ್ದರೆ ಏನೂ ಕೇಳಿಸದು. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟ್‌ನಲ್ಲಿ ಸ್ಪೀಕರ್ ಆರಿಸಿದರೆ ಸಾಕು. ಒಂದೇ ಆ್ಯಪ್ ಮೌನವಾಗಿದ್ದರೆ ವಾಲ್ಯೂಮ್ ಮಿಕ್ಸರ್ ನೋಡಿ.

ಇದೆಲ್ಲ ಸರಿಯಿದ್ದರೆ ಡ್ರೈವರ್. ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ವಿಂಡೋಸ್ ಸಾಮಾನ್ಯವಾಗಿ ತಾನೇ ಅದನ್ನು ಮತ್ತೆ ಹಾಕಿಕೊಳ್ಳುತ್ತದೆ. ಇಲ್ಲವಾದರೆ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟ್‌ನಿಂದ ಡ್ರೈವರ್ ಇಳಿಸಿಕೊಳ್ಳಿ.

ಸಂದರ್ಶನದಲ್ಲಿ ಹೆಚ್ಚು ಕಾಡುವುದು ಮೈಕ್. ಮೊಬೈಲ್ ಇಯರ್‌ಫೋನ್‌ನ ಪಿನ್ ನೋಡಿ: ಮೂರು ಉಂಗುರಗಳಿವೆ. ಕೇಳಿಸುವುದೂ ಮಾತನಾಡುವುದೂ ಅದೊಂದರಲ್ಲೇ. ಹಸಿರು, ಗುಲಾಬಿ ಜ್ಯಾಕ್ ಬೇರೆ ಬೇರೆ ಇರುವ ಡೆಸ್ಕ್‌ಟಾಪ್‌ಗೆ ಅದನ್ನು ಹಾಕಿದರೆ ಎದುರಿನವರ ಮಾತು ಕೇಳುತ್ತದೆ, ನಿಮ್ಮ ಮಾತು ಅವರಿಗೆ ತಲುಪುವುದಿಲ್ಲ. ಎರಡೂ ಜ್ಯಾಕ್‌ಗೆ ಕವಲೊಡೆಯುವ ಸ್ಪ್ಲಿಟರ್ ಬೇಕು. ಯುಎಸ್‌ಬಿ ಹೆಡ್‌ಸೆಟ್‌ನಲ್ಲಿ ಅದರದ್ದೇ ಸೌಂಡ್ ಚಿಪ್ ಇರುವುದರಿಂದ ಮದರ್‌ಬೋರ್ಡಿನ ಚಿಪ್ ಕೆಟ್ಟಿದ್ದರೂ ನಡೆಯುತ್ತದೆ. ಬ್ರೌಸರ್‌ನಲ್ಲಿ, ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಮೈಕ್‌ಗೆ ಅನುಮತಿ ಕೊಟ್ಟಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ.

ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ. ಫಲವಿಲ್ಲದಿದ್ದರೆ ಮೊದಲಿದ್ದಂತೆ ಮಾಡಿ ಮುಂದಿನದಕ್ಕೆ ಹೋಗಿ. ಇಷ್ಟಾದ ಮೇಲೂ ಅಂಗಡಿಗೆ ಹೋಗಬೇಕಾದರೆ, 'ಸೌಂಡ್ ಬರ್ತಿಲ್ಲ' ಎನ್ನುವ ಬದಲು 'ಸ್ಪೀಕರ್ ಸರಿಯಿದೆ, ಡ್ರೈವರ್ ಹೊಸದು, ಹಿಂದಿನ ಜ್ಯಾಕ್ ನೋಡಿ' ಎನ್ನಬಹುದು. ಹಾಗೆ ಹೇಳಬಲ್ಲ ಗಿರಾಕಿಗೆ ಬೇಡದ ರಿಪೇರಿಯ ಬಿಲ್ ಹಾಕುವುದು ಕಷ್ಟ.