ಮಾದರಿಗೊಂದು ಮರದ ಪೀಠ

ಶಾಲಾ ವಸ್ತುಪ್ರದರ್ಶನಕ್ಕೆಂದು ವಿದ್ಯಾರ್ಥಿಗಳು ವಾರಗಟ್ಟಲೆ ದುಡಿದು ಕೋಟೆ, ಹಡಗು, ಸೇತುವೆಗಳ ಮಾದರಿಗಳನ್ನು ತಯಾರಿಸುತ್ತಾರೆ. ಅವುಗಳಲ್ಲಿ ಎಷ್ಟು ಮುಂದಿನ ಆಟಿ ತಿಂಗಳನ್ನು ದಾಟುತ್ತವೆ? ಮಾದರಿ ಚೆನ್ನಾಗಿಯೇ ಇರುತ್ತದೆ. ಕೆಳಗಿನ ಹಲಗೆ ಬಾಗಿ ಗಾಜಿನ ಪೆಟ್ಟಿಗೆ ಸೀಳುತ್ತದೆ. ಆದುದರಿಂದ ಪೀಠದ ಕುರಿತು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಮೊದಲು ಅಳತೆ. ನಮ್ಮ ಜಿಲ್ಲೆಯ ಬೇಕಲ ಕೋಟೆಯನ್ನೇ ತೆಗೆದುಕೊಳ್ಳೋಣ. ಕೆಳದಿಯ ಶಿವಪ್ಪ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಹೇಳಲಾಗುವ ಈ ಕೋಟೆಯ ವಿಸ್ತಾರ ಸುಮಾರು 40 ಎಕರೆ. ಅದನ್ನೊಂದು ಚೌಕವೆಂದು ಎಣಿಸಿದರೆ ಬದಿಯ ಉದ್ದ ಹೆಚ್ಚು ಕಡಿಮೆ 400 ಮೀಟರ್. 1:1000 ಪ್ರಮಾಣದಲ್ಲಿ ಮಾದರಿ 40 ಸೆಂಟಿಮೀಟರ್ ಆಗುತ್ತದೆ. ಸುತ್ತಲೂ 5 ಸೆಂಟಿಮೀಟರ್ ಜಾಗ ಬಿಟ್ಟರೆ 50 ಸೆಂಟಿಮೀಟರಿನ ಹಲಗೆ ಬೇಕು. ಜಾಗ ಬಿಡದೆ ಗಾಜಿಗೆ ಒತ್ತಿಟ್ಟ ಮಾದರಿ ಉಸಿರು ಕಟ್ಟಿದಂತೆ ಕಾಣುತ್ತದೆ.

ಇಲ್ಲಿಯೇ ತೊಂದರೆ ಆರಂಭ. ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕಿಲ್ಲದಷ್ಟು ಅಲ್ಪ, ಅಡ್ಡಲಾಗಿಯೇ ಹೆಚ್ಚು. ಬಹಳ ಕಡಿಮೆ ಅಲುಗುವ ತೇಗದಲ್ಲಿಯೂ 50 ಸೆಂಟಿಮೀಟರ್ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಕೆಲವು ಮಿಲಿಮೀಟರ್ ಬೆಳೆಯಬಲ್ಲದು. ಮಾವಿನ ಹಲಗೆಯ ಮಾತು ಹೇಳುವುದೇ ಬೇಡ. ಗಾಜು ಮಾತ್ರ ಬೆಳೆಯುವುದಿಲ್ಲವಲ್ಲ! ಅದನ್ನು ಹಲಗೆಗೆ ಬಿಗಿಯಾಗಿ ಅಂಟಿಸಿದ್ದರೆ ಒಂದೋ ಮೂಲೆ ಬಿಡುತ್ತದೆ, ಇಲ್ಲವೇ ಗಾಜು ಒಡೆಯುತ್ತದೆ.

ಇದಕ್ಕೆ ಪರಿಹಾರ ಪ್ಲೈವುಡ್. ಅದರಲ್ಲಿ ತೆಳು ಪದರಗಳನ್ನು ಒಂದರ ನಾರಿಗೆ ಇನ್ನೊಂದರ ನಾರು ಅಡ್ಡವಾಗುವಂತೆ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಮತ್ತೊಂದು ತಡೆಯುತ್ತದೆ. ಪದರಗಳು ಸಾಮಾನ್ಯವಾಗಿ 3, 5, 7 ಹೀಗೆ ಬೆಸಸಂಖ್ಯೆಯಲ್ಲಿರುವುದೂ ಎರಡು ಬದಿಯ ಎಳೆತ ಸಮವಾಗಿರಲಿ ಎಂದೇ. 19 ಮಿಲಿಮೀಟರ್ ದಪ್ಪದ ಪ್ಲೈವುಡ್ ತಂದು, ಅದರ ಅಂದಗೇಡಿ ಅಂಚನ್ನು ಮುಚ್ಚಲು ನಾಲ್ಕು ಬದಿಗೂ ಚೆನ್ನಾಗಿ ಒಣಗಿದ ಹಲಸಿನ ಪಟ್ಟಿ ಕಟ್ಟಬೇಕು. ಹಲಸು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ; ಮೊದಲು ಹಳದಿಯಾಗಿದ್ದು ಬೆಳಕು ತಾಗಿದಂತೆ ಕಂದುಬಣ್ಣಕ್ಕೆ ತಿರುಗುತ್ತದೆ.

ಪಟ್ಟಿ 3 ಸೆಂಟಿಮೀಟರ್ ಅಗಲ, 2.5 ಸೆಂಟಿಮೀಟರ್ ದಪ್ಪವಿರಲಿ. ಮೂಲೆಗೆ ಕೊಯ್ಯುವ ಮೊದಲೇ ಮೇಲ್ಮುಖದಲ್ಲಿ ಗಾಜಿಗಾಗಿ ಉದ್ದಕ್ಕೂ ಗಾಡಿ ಕೀಸಿಕೊಳ್ಳಬೇಕು. 4 ಮಿಲಿಮೀಟರ್ ಗಾಜಿಗೆ ಗಾಡಿ 5 ಮಿಲಿಮೀಟರ್ ಅಗಲವಿದ್ದರೆ ಅಲುಗಾಟಕ್ಕೆ ಎಡೆಯಿರುತ್ತದೆ. ಗಾಜನ್ನು ಅದರಲ್ಲಿ ಅಂಟಿಸದೆ ಸುಮ್ಮನೆ ನಿಲ್ಲಿಸಬೇಕು. ಪಟ್ಟಿಯ ತುದಿಗಳನ್ನು 45 ಡಿಗ್ರಿಗೆ ಕೊಯ್ದಾಗ ಒಳ ಅಂಚು 50, ಹೊರ ಅಂಚು 56 ಸೆಂಟಿಮೀಟರ್ ಬರಬೇಕು. ಅಂಟು ಒಣಗುವ ಮೊದಲು ಎರಡು ಕರ್ಣಗಳನ್ನೂ ದಾರದಿಂದ ಅಳೆಯಿರಿ. ಎರಡೂ ಸಮವಾದರೆ ಮೂಲೆಗಳು ಲಂಬವಾಗಿವೆ. ರೇಖಾಗಣಿತದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗರಗಸದ ಕೆಲಸ ಹೊಸದಾಗಿದ್ದರೆ ಮೂಲೆಯನ್ನು ಊರಿನ ಆಚಾರಿಯವರ ಬಳಿ ಕುಳಿತು ಕಲಿಯುವುದೇ ಲೇಸು. ಅರ್ಧ ಗಂಟೆ ನೋಡಿದರೆ ಸಿಗುವ ತಿಳುವಳಿಕೆ ಹತ್ತು ಪುಟ ಓದಿದರೂ ಸಿಗದು.

ಮರಳು ಕಾಗದದಿಂದ ನಾರಿನ ಜಾಡಿನಲ್ಲೇ ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶನ್ನು ಮೂರು ನಾಲ್ಕು ಬಾರಿ ತೆಳ್ಳಗೆ ಕೊಡಬೇಕು. ಮಳೆ ಬರುವ ದಿನ ಈ ಕೆಲಸಕ್ಕೆ ಕೈಹಾಕಬಾರದು. ತೇವ ಸೇರಿ ಪಾಲಿಶ್ ಬೆಳ್ಳಗಾಗುತ್ತದೆ. ಕೆಳಬದಿಯನ್ನು ಯಾರು ನೋಡುತ್ತಾರೆಂದು ಬಿಡುವವರೇ ಬಹಳ. ಮೇಲ್ಬದಿಗೆ ಮಾತ್ರ ಪಾಲಿಶ್ ಇದ್ದರೆ ಕೆಳಗಿನಿಂದ ತೇವ ಒಳಹೊಕ್ಕು ಪೀಠ ಬಾಗುತ್ತದೆ. ಎರಡೂ ಬದಿಗೆ ಸಮವಾಗಿ ಕೊಡಿ.

ಮಾದರಿಯಲ್ಲಿ ಸೀಸದ ತುಂಡುಗಳಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಮರದಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ನಿಂತು ಸೀಸವನ್ನು ಬಿಳಿಯ ಪುಡಿಯಾಗಿಸುತ್ತದೆ. ಪಾಲಿಶ್ ಮಾಡಿದ ಪೀಠವನ್ನು ಎರಡು ಮೂರು ವಾರ ಗಾಳಿಗೆ ಬಿಟ್ಟು ಅನಂತರವೇ ಗಾಜು ಮುಚ್ಚಬೇಕು. ಜೇಡಿಮಣ್ಣು, ಪ್ಲಾಸ್ಟರುಗಳ ಮಾದರಿಯೂ ಪೂರ್ತಿ ಒಣಗಿರಲಿ, ಇಲ್ಲದಿದ್ದರೆ ಒಳಗೆ ಬೂಸಲು ಬರುತ್ತದೆ.

ಮಾದರಿಯನ್ನು ಅಡಿಯಿಂದ ಸ್ಕ್ರೂ ಹಾಕಿ ಬಿಗಿಯಿರಿ. ನಾಲ್ಕು ಮೂಲೆಗೂ ರಬ್ಬರಿನ ಕಾಲುಗಳನ್ನಿಟ್ಟರೆ ಕೆಳಗೆ ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಮುಂಭಾಗದ ಪಟ್ಟಿಯ ಮೇಲೆ ಹೆಸರು, ಪ್ರಮಾಣ, ಮಾಡಿದವರ ತರಗತಿ ಮತ್ತು ಇಸವಿ ಬರೆಯಿರಿ. ಕೋಟೆಯಾದರೆ ಉತ್ತರ ದಿಕ್ಕಿನ ಬಾಣವೂ ಬೇಕು.