ಉದ್ಯೋಗದೊಡನೆ ಪರೀಕ್ಷಾಸಿದ್ಧತೆ: ನಿದ್ರೆ ಕೆಡದಿರಲಿ

ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ ಲೆಕ್ಕ ಬರೆಯುವವರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಚೇರಿಗಳಲ್ಲಿ ದುಡಿಯುವವರು ಇರುಳೆಲ್ಲ ಎಚ್ಚರವಿದ್ದು ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಓದುವುದನ್ನು ನಾವು ಕಾಣುತ್ತಿದ್ದೇವೆ. ತಲೆನೋವು, ಮಲಬದ್ಧತೆ, ಮರೆವು ಇವರ ಸಾಮಾನ್ಯ ದೂರುಗಳು.

ಆಹಾರ, ನಿದ್ರೆ, ಬ್ರಹ್ಮಚರ್ಯಗಳು ದೇಹದ ಮೂರು ಉಪಸ್ತಂಭಗಳೆಂದು ಚರಕಸಂಹಿತೆಯು ಹೇಳುತ್ತದೆ. ರಾತ್ರಿಜಾಗರಣೆಯಿಂದ ರೂಕ್ಷತೆ ಹೆಚ್ಚಿ ವಾತವು ಕೆರಳುತ್ತದೆ. ಓದಿದ್ದನ್ನು ಮಿದುಳು ನೆನಪಾಗಿ ಗಟ್ಟಿಗೊಳಿಸಲು ನಿದ್ರೆ ಬೇಕೆಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಆದುದರಿಂದ ನಿದ್ರೆಯೂ ಅಧ್ಯಯನದ ಭಾಗವೇ ಸರಿ.

ಸಂಜೆಯ ನಂತರ ಕಾಫಿ, ಚಹಾ ಬೇಡ. 8 ಗಂಟೆಯೊಳಗೆ ಮುದ್ದೆ, ಸೊಪ್ಪಿನ ಸಾರನ್ನು ಮಿತವಾಗಿ ಉಂಡು, ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ 9.30ಕ್ಕೆ ಮಲಗಿರಿ. ಬೆಳಗಿನ 4.30ಕ್ಕೆ ಎದ್ದರೆ 7 ಗಂಟೆಗಳ ನಿದ್ರೆಯೂ 2 ಗಂಟೆಗಳ ಓದೂ ದೊರೆಯುತ್ತವೆ. ಪೂರ್ವಭಾವಿ ಪರೀಕ್ಷೆಯ ಪ್ರತಿ ಪತ್ರಿಕೆಯ ಅವಧಿಯೂ 2 ಗಂಟೆಯೇ. ಅನಿವಾರ್ಯವಾಗಿ ನಿದ್ರೆ ಕೆಟ್ಟರೆ, ಕಳೆದುಕೊಂಡದ್ದರ ಅರ್ಧದಷ್ಟು ಹೊತ್ತು ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಲಗಬೇಕೆಂಬುದು ವಾಗ್ಭಟನ ವಿಧಿ.

ಮನೆಯ ಹಿರಿಯರು ಮುಂಜಾನೆಯ ಆ ಹೊತ್ತಿನಲ್ಲಿ ಹಾಲು ಕರೆಯುವ, ತೋಟಕ್ಕೆ ನೀರು ಹಾಯಿಸುವ ಕೆಲಸವನ್ನು ಅವರಿಗೆ ಒಪ್ಪಿಸದಿರಲಿ. ಹೀಗಿದ್ದೂ ನಿದ್ರೆ ಬಾರದಿದ್ದರೆ ಸ್ವತಃ ಗುಳಿಗೆ ನುಂಗದೆ ವೈದ್ಯರನ್ನು ಕಾಣುವುದು ಲೇಸು.